ಸ್ಟೆಪ್ನಿ ಇಲ್ಲದ ಗಾಡಿ ಮತ್ತ ಸ್ಟೆಪ್ನಿಯ ಕಥಿ

ಸ್ಟೆಪ್ನಿ ಅನ್ನೋದು ಕನ್ನಡ ಶಬ್ದ ಅಲ್ಲ ಅಂತ ಎಲ್ಲಾರಿಗೂ ಗೊತ್ತದ. ಖರೇ ಅಂದ್ರ ಅದು ಇಂಗ್ಲಿಷಿನ ಮಾಮೂಲಿ ಶಬ್ದನೂ ಅಲ್ಲ. ಅದು ಒಂದು ಬೀದಿ ಹೆಸರು. ನಮ್ಮ ಹುಬ್ಬಳ್ಳಿಗೆ ದಾಜಿಬಾನ ಪೇಟಿ, ಧಾರವಾಡಕ್ಕ ಸುಭಾಸ ರೋಡು ಇದ್ದಂಗ, ಬ್ರಿಟನ್ನಿನ ವೇಲ್ಸ್ ಸೀಮಿಯ ಲನೆಲ್ಲಿ ಅನ್ನೋ ಊರಾಗ ಸ್ಟೆಪ್ನಿ ಸ್ಟ್ರೀಟ್ ಅಂತ ಒಂದು ಅಂಗಡಿ ಬೀದಿ ಅದ. ಆ ಊರಿನ ದೊಡ್ಡ ಜಮೀನ್ದಾರ ಮನೆತನದ ಹೆಸರು ಸ್ಟೆಪ್ನಿ. ಮನೆತನದ ಹೆಸರು ಬೀದಿಗೆ ಬಂತು, ಬೀದಿ ಹೆಸರು ಗಾಲಿಗೆ ಬಂತು, ಗಾಲಿ ಹಡಗ ಹತ್ತಿ ನಮ್ಮ ಕಡೆ ಬಂತು.

ಇದನ್ನ ಈಗ ಯಾಕ ಬರಿಯಾಕ ಕೂತೆ ಅಂದ್ರ, ಈ ಸ್ಟೆಪ್ನಿ ನಮ್ಮ ಕಣ್ಣ ಮುಂದನ ಮಾಯ ಆಗಾಕ ಹತ್ತೇದ. ಹೊಸಾ ಕಾರು ಕೆಲವು ಡಿಕ್ಕಿ ತಗದು, ಚಾಪಿ ಎತ್ತಿ ನೋಡ್ರಿ. ಗಾಲಿ ಇರೋ ತಗ್ಗಿನ್ಯಾಗ ಒಂದು ಸಣ್ಣ ಡಬ್ಬಿ ಇರ್ತದ. ಡಬ್ಬಿಯೊಳಗ ಒಂದು ಸೀಸೆ, ಒಂದು ಸಣ್ಣ ಹವಾ ಪಂಪು, ಅಷ್ಟ. ನಮ್ಮ ಬಳಗದಾಗ ಈಗ ಗಾಡಿ ಹೊಡಿಯೋ ಹೆಣಮಕ್ಕಳು ಭಾಳ ಮಂದಿ ಆಗ್ಯಾರ. ಪಂಚಮಿ, ದೀಪಾವಳಿ ಬಂತು ಅಂದ್ರ ಬೆಂಗಳೂರಿಂದ ಮಕ್ಕಳನ್ನ ಕೂಡ್ರಿಸಿಕೊಂಡು ತಾವ ಹೊಡಕೊಂಡು ಬರ್ತಾರ. "ಮೌಶಿ, ನಮ್ಮ ಗಾಡಿಗೆ ಸ್ಟೆಪ್ನಿನ ಇಲ್ಲ, ನಡು ಹಾದ್ಯಾಗ ಪಂಚರ್ ಆದ್ರ ಏನ್ ಮಾಡೂದು?" ಅಂತ ಕೇಳಿದವರಿಗೆ ಇದು ಉತ್ತರ. ಸೀದಾ ಉತ್ತರಕ್ಕಿಂತ ಮೊದಲು ಸ್ವಲ್ಪ ಹಿಂದಿನ ಕಥಿ ಹೇಳ್ತೇನಿ, ಯಾಕಂದ್ರ ಉತ್ತರ ಆ ಕಥಿಯೊಳಗ ಅದ.

ಹವಾ ತುಂಬಿದ ಟೈರ್ ಬರೋಕಿಂತ ಮೊದಲು ಪಂಚರ್ ಅನ್ನೋದ ಇರಲಿಲ್ಲ. ನಮ್ಮ ಚಕ್ಕಡಿ ಗಾಲಿಗೆ ಕಬ್ಬಿಣದ ಪಟ್ಟಿ ಇದ್ದಂಗ ಸಾರೋಟಿಗೂ ಕಬ್ಬಿಣದ ಪಟ್ಟಿ ಇರ್ತಿತ್ತು, ಇಲ್ಲಂದ್ರ ಗಟ್ಟಿ ರಬ್ಬರ್ ಇರ್ತಿತ್ತು. ಆ ರಬ್ಬರಿನ ಕಥಿನೂ ಸಣ್ಣದಲ್ಲ. ಹಸಿ ರಬ್ಬರು ಬಿಸಲಿಗೆ ಅಂಟಂಟಾಗ್ತಿತ್ತು, ಥಂಡಿಗೆ ಸೆಟಗೊಂಡು ಬಿರೀತಿತ್ತು. 1839 ರಾಗ ಅಮೆರಿಕಾದ ಚಾರ್ಲ್ಸ್ ಗುಡ್‌ಇಯರ್ ಅನ್ನಾಂವ ರಬ್ಬರಿಗೆ ಗಂಧಕ ಕೂಡಿಸಿ ಕಾಸಿದ್ರ ಅದು ಗಟ್ಟಿ ಆಗ್ತದ, ಆದ್ರೂ ಮೆತ್ತಗನ ಬಾಗ್ತದ ಅಂತ ಕಂಡುಹಿಡದಾ. ಅದಕ್ಕ ವಲ್ಕನೈಸಿಂಗ್ ಅಂತಾರ. ಬಸ್‌ಸ್ಟ್ಯಾಂಡಿನ ಬಾಜೂಕ ಟೈರ್ ಅಂಗಡಿ ಬೋರ್ಡಿನ ಮ್ಯಾಲ ಎಷ್ಟೋ ಸಲ ಓದೇವಲ್ಲ, ಅದ ಶಬ್ದ. ನಮ್ಮ ಕುಕ್ಕರಿನ ಗ್ಯಾಸ್ಕೆಟ್ಟೂ ಹಂಗ ಕಾಸಿದ ರಬ್ಬರ.

ಹವಾ ತುಂಬೋ ವಿಚಾರ ಮೊದಲು ಬಂದದ್ದು ಸ್ಕಾಟ್ಲಂಡಿನ ರಾಬರ್ಟ್ ಥಾಮ್ಸನ್ನಗ, 1845 ರಾಗ. ಆದ್ರ ಆಗ ಅದು ನಡೀಲಿಲ್ಲ, ಮಂದಿ ಮರತುಬಿಟ್ರು. ನಲವತ್ತು ವರ್ಷದ ಮ್ಯಾಲ ಐರ್ಲಂಡಿನ ಬೆಲ್‌ಫಾಸ್ಟ್ ಊರಾಗ ಜಾನ್ ಬಾಯ್ಡ್ ಡನ್‌ಲಪ್ ಅನ್ನೋ ದನದ ಡಾಕ್ಟರ್ ತನ್ನ ಮಗನ ಮೂರು ಗಾಲಿ ಸೈಕಲ್ಲಿಗೆ ಹವಾ ತುಂಬಿದ ರಬ್ಬರಿನ ಕೊಳವಿ ಸುತ್ತಿದಾ. ಹುಡುಗಗ ಧಕ್ಕಿ ಕಡಿಮಿ ಆತು. 1888 ರಾಗ ಪೇಟೆಂಟ್ ತಗೊಂಡಾ. ಅಲ್ಲಿಂದ ಜಗತ್ತಿಗೆ ಮೆತ್ತನ ಸವಾರಿ ಬಂತು, ಅದರ ಬೆನ್ನ ಹಿಂದ ಪಂಚರ್ ಬಂತು.

ಅದ 1888 ರ ಆಗಸ್ಟದಾಗ ಜರ್ಮನಿಯೊಳಗ ಬರ್ಥಾ ಬೆಂಜ್ ಅನ್ನೋ ಹೆಣಮಗಳು ಮೊದಲನೇ ದೂರದ ಮೋಟಾರ್ ಪ್ರಯಾಣ ಮಾಡಿದ್ಲು. ಆಕಿ ಗಂಡ ಕಾರ್ಲ್ ಬೆಂಜ್ ಕಾರು ಮಾಡಿದ್ದ ಖರೆ, ಆದ್ರ ಅದನ್ನ ನಂಬಿ ಕೊಳ್ಳಾಕ ಮಂದಿ ತಯಾರಿರಲಿಲ್ಲ. ಗಂಡಗ ಹೇಳದನ, ಇಬ್ಬರು ಗಂಡುಮಕ್ಕಳನ್ನ ಕೂಡ್ರಿಸಿಕೊಂಡು, ಮಾನ್‌ಹೈಮ್ ಊರಿಂದ ಫೋರ್ಟ್ಸ್‌ಹೈಮ್ ಅನ್ನೋ ತನ್ನ ತವರೂರಿಗೆ ಹೋದ್ಲು. ನೂರು ಕಿಲೋಮೀಟರಿಗಿಂತ ಜಾಸ್ತಿ ಹಾದಿ. ಎಣ್ಣಿ ನಳಿಗೆ ಕಟಗೊಂಡ್ರ ಟೋಪಿ ಪಿನ್ನಲೆ ಚುಚ್ಚಿ ಬಿಡಿಸಿದ್ಲು. ವೈರು ತೆರದಿದ್ರ ಕಾಲಚೀಲದ ಪಟ್ಟಿ ಸುತ್ತಿದ್ಲು. ಬ್ರೇಕು ಸವದಾಗ ಹಾದ್ಯಾಗಿನ ಚಪ್ಪಲಿ ಹೊಲಿಯಾಂವನ ಕಡೆ ಚರ್ಮ ಹೊಡಿಸಿಕೊಂಡ್ಲು. ಪೆಟ್ರೋಲ್ ಬಂಕ್ ಎಲ್ಲಿಂದ ಬರಬೇಕ್ರಿ, ವೀಸ್ಲೋಖ್ ಊರಿನ ಔಷಧ ಅಂಗಡ್ಯಾಗ ಎಣ್ಣಿ ಕೊಂಡ್ಲು. ಆಕಿ ಗಾಡಿಗೆ ಹವಾದ ಟೈರ್ ಇರಲಿಲ್ಲ, ಹಂಗಾಗಿ ಪಂಚರ್ ಒಂದ ಆಕಿಗೆ ಕಾಡಲಿಲ್ಲ! ನಮ್ಮ ಕೂಸುಗಳು ತವರಿಗೆ ಬರೋವಾಗ ಈಕಿ ಹೆಸರು ನೆನಿಸಿಕೊಳ್ಳಬೇಕು.

ಆಮ್ಯಾಲೆ ಕಾರಿಗೂ ಹವಾದ ಟೈರ್ ಬಂತು. ಫ್ರಾನ್ಸಿನ ಮಿಶೆಲಿನ್ ಅಣ್ಣತಮ್ಮಂದ್ರು 1895 ರಾಗ ಪ್ಯಾರಿಸ್ಸಿಂದ ಬೋರ್ಡೋ ಊರಿಗೆ ಹೋಗಿ ತಿರುಗಿ ಬರೋ ಓಟದಾಗ ಹವಾದ ಟೈರಿನ ಕಾರು ಓಡಿಸಿದ್ರು. ಹಾದಿ ತುಂಬ ಪಂಚರು. ಯಾಕ ಅಂದ್ರ ಆಗಿನ ರಸ್ತೆ ಕುದರಿಗಳ ರಸ್ತೆ. ಕುದರಿ ಲಾಳದಿಂದ ಉದರಿದ ಮೊಳಿ ಎಲ್ಲಾ ಕಡೆ ಬಿದ್ದಿರ್ತಿದ್ವು. ನಮ್ಮ ಕಡೆ ಎತ್ತಿಗೂ ಲಾಳ ಹೊಡಸ್ತಾರಲ್ಲ, ಆ ಮೊಳಿ ಚಪ್ಪಲಿ ತೂರಿ ಕಾಲಿಗೆ ನಟ್ಟದ್ದು ನಮಗೂ ಗೊತ್ತದ, ಇನ್ನ ಟೈರಿನ ಪಾಡೇನು.

ಈಗಿನ ಹಂಗ ಆಗ ಗಾಲಿ ಬಿಚ್ಚಾಕ ಬರ್ತಿರಲಿಲ್ಲ. ಕಟಗಿ ಅರದ ಗಾಲಿ ಗಾಡಿಗೆ ಕಾಯಂ ಆಗಿ ಕೂತಿರ್ತಿತ್ತು. ಪಂಚರ್ ಆತು ಅಂದ್ರ ಜಾಕ್ ಹಚ್ಚಿ ಗಾಡಿ ಎತ್ತಿ, ಗಾಲಿ ಹಂಗ ಇಟ್ಟು, ಲಿವರ್ ಹಾಕಿ ಟೈರ್ ಮೀಟಿ, ಒಳಗಿನ ಟ್ಯೂಬ್ ಎಳದು, ತೂತು ಹುಡುಕಿ, ತೇಪಿ ಹಚ್ಚಿ, ತಿರುಗಿ ಒಳಗ ತುರುಕಿ, ಕೈ ಪಂಪಿಲೆ ಹವಾ ಹೊಡಿಬೇಕು. ಮಳಿ ಇರ್ಲಿ, ರಾತ್ರಿ ಇರ್ಲಿ, ಹಾದಿ ಬದಿಗೆ ಇದೆಲ್ಲಾ ಆಗಬೇಕು. ಶ್ರೀಮಂತರು ಡ್ರೈವರ್ ಇಟ್ಕೊಂಡಿದ್ದು ಗಾಡಿ ಹೊಡಿಯಾಕ ಅಷ್ಟ ಅಲ್ಲ, ಈ ಉಸಾಬರಿಗೂ ಸೈ.

ಆ ಹೊತ್ತಿನ್ಯಾಗ ಬಂತು ಲನೆಲ್ಲಿ ಊರಿನ ಗಾಲಿ. 1904 ರಾಗ ಸ್ಟೆಪ್ನಿ ಸ್ಟ್ರೀಟಿನ ಕಬ್ಬಿಣ ಸಾಮಾನಿನ ಅಂಗಡಿಯ ಡೇವಿಸ್ ಅಣ್ಣತಮ್ಮಂದ್ರು, ಥಾಮಸ್ ಮತ್ತ ವಾಲ್ಟರ್, ಒಂದು ಉಪಾಯ ತಗದ್ರು. ಗಾಲಿ ಬಿಚ್ಚಾಕ ಬರಂಗಿಲ್ಲ ಅಂದ್ರ ಬಿಚ್ಚೂದ ಬ್ಯಾಡ. ನಡುವ ಅರ ಇಲ್ಲದ ಬರೇ ಬಳಿಯಂಥಾ ಒಂದು ಉಂಗುರ, ಅದಕ್ಕ ಮೊದಲ ಹವಾ ತುಂಬಿದ ಟೈರ್. ಪಂಚರ್ ಆದ ಗಾಲಿಯ ಬಾಜೂಕ ಅದನ್ನ ಹಿಡಿಕಿ ಹಾಕಿ ಬಿಗದುಬಿಟ್ರ ಆತು, ಗಾಡಿ ಆ ಜೋಡಿ ಗಾಲಿ ಮ್ಯಾಲ ಮನಿ ಮುಟ್ಟತಿತ್ತು. ತೇಪಿ ಕೆಲಸ ಮನಿಗೆ ಹೋಗಿ ಆರಾಮ ಮಾಡಿಕೊಳ್ಳಬಹುದು. ಲಂಡನ್ನಿನ ಟ್ಯಾಕ್ಸಿಯವರು ಇದನ್ನ ಹಾಕಿಸಿಕೊಂಡ್ರು, ದೇಶ ದೇಶಕ್ಕ ಹೋತು, ಅದರ ಜೋಡಿ ಹೆಸರೂ ಹೋತು.

ಆ ಕಂಪನಿಯ ಗಾಲಿ ಭಾಳ ವರ್ಷ ಉಳೀಲಿಲ್ಲ. 1908 ರ ಸುಮಾರಿಗೆ ರಜ್ ವಿಟ್‌ವರ್ತ್ ಅನ್ನೋ ಕಂಪನಿ ಪೂರಾ ಬಿಚ್ಚಿ ಹಾಕಾಕ ಬರೋ ತಂತಿ ಗಾಲಿ ತಂತು. ಮುಂದ ಎಲ್ಲಾ ಗಾಡಿಗೂ ನಟ್ಟು ಬಿಚ್ಚಿದ್ರ ಗಾಲಿ ಕೈಗೆ ಬರೋ ಪದ್ಧತಿ ಆತು. ಬಳಿಯಂಥಾ ಗಾಲಿ ಬದಲಿ ಇಡೀ ಗಾಲಿನ ಹೆಚ್ಚುವರಿ ಇಟ್ಕೊಳ್ಳಾಕ ಶುರು ಮಾಡಿದ್ರು. ಇಂಗ್ಲಂಡಿನ್ಯಾಗ ಸ್ಟೆಪ್ನಿ ಅನ್ನೋ ಮಾತು ಸತ್ತಹೋತು, ಅಲ್ಲಿ ಈಗ ಹಂಗಂದ್ರ ಯಾರಿಗೂ ತಿಳಿಯಂಗಿಲ್ಲ. ನಮ್ಮ ದೇಶದಾಗ, ಬಾಂಗ್ಲಾದಾಗ, ಮಾಲ್ಟಾ ಅನ್ನೋ ನಡುಗಡ್ಡ್ಯಾಗ ಉಳೀತು. ಬ್ರೆಜಿಲ್ ದೇಶದವರು ಅದನ್ನ 'ಎಸ್ಟೆಪಿ' ಮಾಡಿಕೊಂಡ್ರು. ಹುಟ್ಟಿದೂರಾಗ ಸತ್ತ ಮಾತು ಕೊಟ್ಟ ಮನ್ಯಾಗ ಬಾಳಿತು ಅಂದಂಗ!

ಈ ಮಾತಿಗೆ ನಮ್ಮಲ್ಲಿ ಇನ್ನೊಂದು ಅರ್ಥನೂ ಅಂಟೇದ, ಅದನ್ನ ಮುಚ್ಚಿಡೋದು ಸರಿ ಅಲ್ಲ. ಮನಿ ಹೆಂಡತಿ ಬಿಟ್ಟು ಇನ್ನೊಬ್ಬಾಕಿ ಇದ್ರ ಆಕಿಗೆ ಸ್ಟೆಪ್ನಿ ಅಂತ ಚ್ಯಾಷ್ಟಿ ಮಾಡ್ತಾರ. ಸಿನಿಮಾದಾಗೂ ಕೇಳಿರ್ತೀರಿ. ನಗೋ ಮೊದಲು ಒಂದು ವಿಚಾರ ಮಾಡ್ರಿ. ಗಾಲಿಯ ಸ್ಟೆಪ್ನಿಗೆ ಮರ್ಯಾದಿ ಅದ, ಅದು ಕಷ್ಟಕಾಲಕ್ಕ ಆಗ್ತದ. ಮಾತಿನ ಸ್ಟೆಪ್ನಿಯೊಳಗ ಹೆಂಡತಿನೂ ಒಂದು ಗಾಲಿ, ಇನ್ನೊಬ್ಬಾಕಿನೂ ಒಂದು ಗಾಲಿ, ಹೊಡಿಯಾಂವ ಮಾತ್ರ ಮನಷ್ಯಾ. ನಮ್ಮ ಮನ್ಯಾಗ ಯಾರೂ ಆ ಮಾತು ಆಡೂದು ಬ್ಯಾಡ ಅಂತ ನಾ ಹೇಳೇನಿ.

ಹೆಣಮಕ್ಕಳಿಗೂ ಗಾಲಿಗೂ ಇರೋ ಖರೇ ಸಂಬಂಧ ಬ್ಯಾರೆ ಅದ. 1909 ರಾಗ ಇಂಗ್ಲಂಡಿನ ಡೊರೊಥಿ ಲೆವಿಟ್ ಗಾಡಿ ಹೊಡಿಯೋ ಹೆಣಮಕ್ಕಳಿಗಂತನ ಒಂದು ಪುಸ್ತಕ ಬರದ್ಲು. ಹಿಂದಿನ ಹಾದಿ ನೋಡಾಕ ಒಂದು ಕೈಗನ್ನಡಿ ಇಟ್ಕೊಳ್ರಿ ಅಂತ ಅದರಾಗ ಹೇಳ್ಯಾಳ. ಗಾಡಿಗೆ ಹಿಂದಿನ ಕನ್ನಡಿ ಬರೋಕಿಂತ ಮೊದಲಿನ ಮಾತದು. ಅದ ವರ್ಷ ಅಮೆರಿಕಾದಾಗ 22 ವರ್ಷದ ಆಲಿಸ್ ರಾಮ್ಸೆ ನ್ಯೂಯಾರ್ಕಿಂದ ಸ್ಯಾನ್ ಫ್ರಾನ್ಸಿಸ್ಕೋ ತನಕ ದೇಶದ ಈ ಕಡಿಂದ ಆ ಕಡಿಗೆ ತಾನ ಗಾಡಿ ಹೊಡಕೊಂಡು ಹೋದ್ಲು. ಜೂನ್ 9 ಕ್ಕ ಹೊರಟು ಆಗಸ್ಟ್ 7 ಕ್ಕ ಮುಟ್ಟಿದ್ಲು. 59 ದಿನ, ಸುಮಾರು 6,000 ಕಿಲೋಮೀಟರು. ಜೋಡಿ ಇದ್ದವರು ಇಬ್ಬರು ನಾದಿನಿಯರು ಮತ್ತ ಒಬ್ಬಾಕಿ ಗೆಳತಿ. ಆ ಮೂರೂ ಮಂದಿಗೆ ಗಾಡಿ ಹೊಡಿಯಾಕ ಬರ್ತಿರಲಿಲ್ಲ! ಹಾದ್ಯಾಗ ಆಲಿಸ್ 11 ಟೈರ್ ಬದಲು ಮಾಡಿದ್ಲು. ಇಂಜಿನ್ ಕಾದು ನೀರು ಬೇಕಾದಾಗ ಹಲ್ಲುಜ್ಜೋ ಬ್ರಷ್ಷಿನ ಗ್ಲಾಸಿನ್ಯಾಗ ಹಾದಿ ಬದಿಯ ತಗ್ಗಿನ ನೀರು ತುಂಬಿ ತುಂಬಿ ತಂದು ಹಾಕಿದ್ರು. ನಾದಿನಿಯರು ಕೂಡಿ ಹಿಂಗ ನಡದದ್ದು ಕೇಳಿದ್ರ ನಮ್ಮ ವೈನಿಗಳಿಗೆ ನಗಿ ಬಂದೀತು, ಆದ್ರ ಖರೇ ಸಂಗತಿ.

ಇಲ್ಲಿ ಒಂದು ಮಾತು ಗಮನಿಸ್ರಿ. ಬರ್ಥಾ, ಆಲಿಸ್ ಇವರ ಕಾಲದಾಗ ಹೆಚ್ಚುವರಿ ಸಾಮಾನಿಗಿಂತ ಕೈಯಾಗಿನ ವಿದ್ಯಾ ದೊಡ್ಡದಿತ್ತು. ಮುಂದ ಬಿಚ್ಚೋ ಗಾಲಿ ಬಂದ ಮ್ಯಾಲ ಸಾಮಾನು ದೊಡ್ಡದಾತು, ವಿದ್ಯಾ ಹಿಂದ ಬಿತ್ತು. "ಡಿಕ್ಕ್ಯಾಗ ಸ್ಟೆಪ್ನಿ ಅದ" ಅಂತ ಧೈರ್ಯ ಇರ್ತಿತ್ತು, ಅದರಾಗ ಹವಾ ಅದನೋ ಇಲ್ಲೋ ಯಾರೂ ನೋಡ್ತಿರಲಿಲ್ಲ.

ಸ್ಟೆಪ್ನಿಯ ಬೆಲಿ ಯುದ್ಧದಾಗ ಗೊತ್ತಾತು. 1942 ರಾಗ ಮಲಯಾ ಮತ್ತ ಇಂಡೋನೇಷ್ಯಾ ಕಡೆಯ ರಬ್ಬರ್ ತೋಟ ಜಪಾನಿನವರ ಕೈಗೆ ಹೋದ್ವು. ಅಮೆರಿಕಾದಾಗ ಸಕ್ಕರಿಗಿಂತ ಮೊದಲು ಟೈರಿಗೆ ರೇಷನ್ ಬಂತು. ಒಂದು ಕಾರಿಗೆ ಐದ ಟೈರು, ಅದಕ್ಕಿಂತ ಜಾಸ್ತಿ ಇದ್ರ ಸರಕಾರಕ್ಕ ಕೊಡಬೇಕು ಅಂತ ಹುಕುಮ್ ಆತು. ನಾಲ್ಕು ಓಡಾಕ, ಒಂದು ಸ್ಟೆಪ್ನಿ. ಟೈರ್ ಸವಿಬಾರದು ಅಂತ ಗಾಡಿ ತಾಸಿಗೆ 35 ಮೈಲಿ ಮೀರಬಾರದು ಅಂತನೂ ಮಾಡಿದ್ರು.

ನಮ್ಮ ದೇಶದಾಗ ಡನ್‌ಲಪ್ ಕಂಪನಿ 1936 ರಾಗ ಬಂಗಾಲದ ಸಾಹಾಗಂಜಿನ್ಯಾಗ ಕಾರ್ಖಾನಿ ತಗೀತು. ಎಂ.ಆರ್.ಎಫ್. ಶುರು ಆದದ್ದು 1946 ರಾಗ ಮದ್ರಾಸಿನ್ಯಾಗ, ಮಕ್ಕಳು ಆಡೋ ಬಲೂನ್ ಮಾಡೋ ಸಣ್ಣ ಶೆಡ್ಡಿನಿಂದ. ನಮ್ಮ ರಾಜ್ಯದಾಗ ಮೈಸೂರಿನ ವಿಕ್ರಾಂತ್ ಟೈರ್ ಹೆಸರು ಬಸ್ಸು ಲಾರಿಯವರಿಗೆಲ್ಲಾ ಗೊತ್ತಿತ್ತು. 1997 ರಾಗ ಅದು ಜೆ.ಕೆ. ಟೈರ್ ಕಂಪನಿ ಕೈಗೆ ಹೋತು.

ನಮ್ಮ ಸಣ್ಣವರಿದ್ದಾಗಿನ ಎಲ್ಲಾ ಗಾಡಿಗೂ ಟ್ಯೂಬ್ ಇರ್ತಿತ್ತು. ಬಜಾಜ್ ಸ್ಕೂಟರಿಗೂ ಒಂದು ಸ್ಟೆಪ್ನಿ ಇರ್ತಿತ್ತು, ಮುಂದಿನ ಗಾಲಿ ಹಿಂದಿನ ಗಾಲಿ ಎರಡೂ ಒಂದ ಅಳತಿ ಇದ್ದದ್ದಕ್ಕ ಎಲ್ಲಿ ಪಂಚರ್ ಆದ್ರೂ ನಡೀತಿತ್ತು. ಪಂಚರ್ ಅಂಗಡಿ ಅಂದ್ರ ಗಿಡಕ್ಕ ತೂಗುಹಾಕಿದ ಹಳೇ ಟೈರು, ನೀರು ತುಂಬಿದ ಬುಟ್ಟಿ. ಟ್ಯೂಬ್ ನೀರಾಗ ಮುಳುಗಿಸಿ ಗುಳ್ಳಿ ಎಲ್ಲಿಂದ ಬರ್ತಾವ ನೋಡಿ, ಅಲ್ಲಿ ತಿಕ್ಕಿ ಒರಟ ಮಾಡಿ, ಸೊಲ್ಯೂಶನ್ ಹಚ್ಚಿ, ತೇಪಿ ಬಡೀತಿದ್ರು. ಹುಡುಗರಿಗೆ ಅದು ಪುಗಸಟ್ಟೆ ಸಿನಿಮಾ.

ಟ್ಯೂಬ್ ಇಲ್ಲದ ಟೈರ್ ಅಮೆರಿಕಾದಾಗ 1947 ರಾಗ ತಯಾರಾತು, 1955 ರ ಹೊತ್ತಿಗೆ ಅಲ್ಲಿನ ಹೊಸಾ ಕಾರಿಗೆಲ್ಲಾ ಅದ ಬಂತು. ನಮ್ಮಲ್ಲಿ ಕಾರಿಗೆ ಅದು ಹಬ್ಬಿದ್ದು ಭಾಳ ತಡಾ ಆಗಿ. ಇದರ ಗುಣ ಏನಂದ್ರ, ಮೊಳಿ ನಟ್ಟರೂ ರಬ್ಬರ್ ಅದನ್ನ ಬಿಗಿಯಾಗಿ ಹಿಡಕೊಂಡಿರ್ತದ, ಹವಾ ಫಟ್ ಅಂತ ಹೋಗಂಗಿಲ್ಲ, ನಿಧಾನ ಇಳೀತದ. ಟ್ಯೂಬಿನ ಟೈರ್ ಆದ್ರ ಕ್ಷಣದಾಗ ಕೂತಬಿಡ್ತಿತ್ತು. ಸ್ಟೆಪ್ನಿ ಬ್ಯಾಡ ಅನ್ನೋ ವಿಚಾರ ಹುಟ್ಟಿದ್ದ ಇಲ್ಲಿಂದ.

ಕಂಪನಿಯವರಿಗೆ ಸ್ಟೆಪ್ನಿ ಅಂದ್ರ ಭಾರ, ಜಾಗ, ಖರ್ಚು. ಭಾರ ಕಡಿಮಿ ಆದ್ರ ಎಣ್ಣಿ ಕಡಿಮಿ ಸಾಕು. ಸಿ.ಎನ್.ಜಿ. ಗಾಡಿಗೆ ಸಿಲಿಂಡರ್ ಇಡಬೇಕು, ಕರೆಂಟಿನ ಗಾಡಿಗೆ ಬ್ಯಾಟರಿ ಇಡಬೇಕು, ಜಾಗ ಎಲ್ಲಿಂದ ತರೂದು? ಮೊದಲು ಸಣಕಲು ಸ್ಟೆಪ್ನಿ ಬಂತು, ತಾಸಿಗೆ 80 ಕಿಲೋಮೀಟರ್ ಮೀರಬಾರದು ಅಂತ ಅದರ ಮ್ಯಾಲನ ಬರದಿರ್ತಾರ. ಆಮ್ಯಾಲೆ 2020 ರ ಜುಲೈದಾಗ ಕೇಂದ್ರ ಸರಕಾರ ಮೋಟಾರು ವಾಹನ ನಿಯಮ ತಿದ್ದಿತು. ಡ್ರೈವರ್ ಸಹಿತ ಒಂಬತ್ತು ಮಂದಿ ಮೀರದ, 3.5 ಟನ್ ಒಳಗಿನ ಗಾಡಿಗೆ ಟ್ಯೂಬ್ ಇಲ್ಲದ ಟೈರ್ ಇದ್ದು, ಹವಾ ಇಳದ್ರ ಎಚ್ಚರಿಸೋ ವ್ಯವಸ್ಥಾ ಮತ್ತ ರಿಪೇರಿ ಕಿಟ್ ಎರಡೂ ಕೊಟ್ಟಿದ್ರ ಸ್ಟೆಪ್ನಿ ಕಡ್ಡಾಯ ಅಲ್ಲ ಅಂತ ಆತು. ಸ್ಟೆಪ್ನಿ ಇಡಬ್ಯಾಡ್ರಿ ಅಂತ ಹೇಳಿಲ್ಲ, ಇಡದಿದ್ರ ಇವೆರಡೂ ಇರಬೇಕು ಅಂತ ಅದ. ಅಂದ್ರ ಕಾನೂನು ನಮ್ಮನ್ನ ತಿರುಗಿ ಬರ್ಥಾ, ಆಲಿಸ್ ಕಾಲಕ್ಕ ಕಳಿಸೇದ. ಸಾಮಾನು ಹೋತು, ಈಗ ಮತ್ತ ವಿದ್ಯಾ ಬೇಕು.

ಆ ವಿದ್ಯಾ ದೊಡ್ಡದೇನಲ್ಲ. ಮನ್ಯಾಗ ಗ್ಯಾಸ್ ಮುಗಿಯೋಕಿಂತ ಮೊದಲ ಎರಡನೇ ಸಿಲಿಂಡರ್ ಹೇಳಿ ಇಡತೇವಿ, ಮೊಸರಿಗೆ ಹೆಪ್ಪು ಎತ್ತಿಡತೇವಿ, ಅಷ್ಟ ಎಚ್ಚರ ಗಾಡಿಗೂ ಬೇಕು.

ಊರಿಗೆ ಹೊರಡೋ ಹಿಂದಿನ ದಿನ ಡಬ್ಬಿ ತಗದು ನೋಡ್ರಿ. ಸೀಸೆ ಮ್ಯಾಲ ಎಕ್ಸ್‌ಪೈರಿ ತಾರೀಖು ಇರ್ತದ, ಔಷಧದ ಹಂಗ ಅದಕ್ಕೂ ಆಯುಷ್ಯ ಅದ. ಪಂಪಿನ ವೈರು ಗಾಡಿಯೊಳಗಿನ ಸಾಕೆಟ್ಟಿಗೆ ಹಚ್ಚಿ ಒಂದು ಸಲ ನಡಸ್ರಿ, ಇಂಜಿನ್ ಚಾಲೂ ಇಟ್ಟು ನಡಸಬೇಕು. ಡ್ರೈವರ್ ಬಾಗಲದ ಹತ್ರ ಒಂದು ಚೀಟಿ ಅಂಟಿಸಿರ್ತಾರ, ಯಾವ ಗಾಲಿಗೆ ಎಷ್ಟು ಹವಾ ಅಂತ. ಗಾಡಿ ತುಂಬಿದ್ರ ಎಷ್ಟು ಅನ್ನೋದೂ ಅದರಾಗ ಇರ್ತದ. ಮುಂಜಾನೆ ಟೈರ್ ತಣ್ಣಗಿದ್ದಾಗ ಅಷ್ಟ ಹಾಕಿಸ್ರಿ. ಟೈರಿನ ಬಾಜೂಕ ನಾಲ್ಕು ಅಂಕಿ ಇರ್ತಾವ. 2319 ಅಂತಿದ್ರ 2019 ರ 23 ನೇ ವಾರದಾಗ ಮಾಡಿದ್ದು. ಭಾಳ ಹಳೇದಿದ್ರ, ಬಾಜೂಕ ಬಿರುಕು ಬಿಟ್ಟಿದ್ರ, ಹಬ್ಬಕ್ಕ ಸೀರಿ ತರೋ ಮೊದಲು ಟೈರ್ ತರ್ರಿ.

ಹಾದ್ಯಾಗ ಮೀಟರಿನ ಮ್ಯಾಲ ತಪ್ಪೇಲಿಯಂಥಾ ಚಿತ್ರದಾಗ ಆಶ್ಚರ್ಯದ ಚಿಹ್ನಿ ಹಳದಿ ಬಣ್ಣದಾಗ ಹೊತ್ತಿತು ಅಂದ್ರ ಹವಾ ಇಳದದ ಅಂತ. ಗಡಬಡಿಸಿ ಬ್ರೇಕ್ ಒತ್ತಬ್ಯಾಡ್ರಿ. ವೇಗ ಇಳಿಸಿ, ಇಂಡಿಕೇಟರ್ ಹಾಕಿ, ಎಡಕ್ಕ ಬಯಲು ಜಾಗಾಕ್ಕ ತಗೊಳ್ರಿ. ತಿರುವಿನ್ಯಾಗ, ಸೇತುವಿ ಮ್ಯಾಲ ನಿಲ್ಲಬ್ಯಾಡ್ರಿ. ನಾಲ್ಕೂ ಲೈಟ್ ಮಿನುಗಿಸಿ, ಮಕ್ಕಳನ್ನ ಇಳಿಸಿ ರಸ್ತಾದಿಂದ ದೂರ, ಕಟಾಂಜನದ ಆಚಿ ನಿಲ್ಲಿಸ್ರಿ. ಗಾಡಿ ಹಿಂದ ಕನಿಷ್ಠ 50 ಮೀಟರ್ ದೂರ ಕೆಂಪು ತ್ರಿಕೋನ ಇಡ್ರಿ. ಇಷ್ಟು ಆಗೂತನಕ ಟೈರ್ ಮುಟ್ಟಬ್ಯಾಡ್ರಿ, ಟೈರಿಗಿಂತ ಹಿಂದ ಬರೋ ಲಾರಿ ದೊಡ್ಡ ಅಪಾಯ.

ಆಮ್ಯಾಲೆ ನೋಡ್ರಿ. ಮೊಳಿ ಕಂಡ್ರ ಕೀಳಬ್ಯಾಡ್ರಿ, ಅದ ತೂತಿಗೆ ಬೂಚು. ಹವಾ ಪೂರಾ ಹೋಗಿರದಿದ್ರ ಬರೇ ಪಂಪಿಲೆ ಹವಾ ತುಂಬಿ ಹತ್ರದ ಪಂಚರ್ ಅಂಗಡಿ ಮುಟ್ಟಬಹುದು. ನಿಲ್ಲದಿದ್ರ ಸೀಸೆಯೊಳಗಿನ ದ್ರವ ವಾಲ್ವಿನಿಂದ ಒಳಗ ಬಿಟ್ಟು ಹವಾ ತುಂಬ್ರಿ. ಹತ್ತು ನಿಮಿಷಕ್ಕೂ ಚೀಟಿಯಾಗಿನ ಅಂಕಿ ಮುಟ್ಟದಿದ್ರ ತೂತು ದೊಡ್ಡದದ ಅಂತ ತಿಳಕೊಂಡು ಅಲ್ಲಿಗ ಬಿಡ್ರಿ. ಮುಟ್ಟಿದ್ರ ತಡಾ ಮಾಡದ ನಾಲ್ಕೈದು ಕಿಲೋಮೀಟರ್ ಸಾವಕಾಶ ಹೊಡೀರಿ, ದ್ರವ ಒಳಗೆಲ್ಲಾ ಹರಡಬೇಕು. ನಿಂತು ಮತ್ತ ಹವಾ ನೋಡ್ರಿ. 80 ರ ಮ್ಯಾಲ ಹೋಗಬ್ಯಾಡ್ರಿ. ಅಂಗಡಿಯವಗ ಒಳಗ ದ್ರವ ಹಾಕೇವಿ ಅಂತ ಹೇಳ್ರಿ, ಹೊಸಾ ಸೀಸೆ ತಂದು ಡಬ್ಬ್ಯಾಗ ಇಡ್ರಿ.

ಸೀಸೆ ನಡಿಯೋದು ನೆಲಕ್ಕ ಹತ್ತೋ ಭಾಗದ ಸಣ್ಣ ತೂತಿಗೆ ಮಾತ್ರ. ತಗ್ಗಿನ್ಯಾಗ ಬಿದ್ದು ಟೈರಿನ ಬಾಜೂ ಹರದಿದ್ರ, ರಿಮ್ ಮಣದಿದ್ರ, ಟೈರ್ ಒಡದಿದ್ರ ಅದರಿಂದ ಏನೂ ಆಗಂಗಿಲ್ಲ. ಕೂತ ಟೈರಿನ ಮ್ಯಾಲ ಗಾಡಿ ಹೊಡದ್ರ ಉಳಿಯೋ ಟೈರೂ ಹಾಳಾಗ್ತದ. ಆಗ ಫೋನ ಗತಿ. ರಾಷ್ಟ್ರೀಯ ಹೆದ್ದಾರಿಗೆ 1033, ಹಗಲು ರಾತ್ರಿ ಎರಡೂ ಹೊತ್ತು. ಭಯ ಅನಿಸಿದ್ರ 112. ಇನ್ಶೂರನ್ಸಿನ ಜೋಡಿ ಹಾದ್ಯಾಗಿನ ಸಹಾಯ ತಗೊಂಡಿದ್ರ ಆ ನಂಬರ್ ಕಾಗದದ ಮ್ಯಾಲನೂ ಬರದು ಗಾಡ್ಯಾಗ ಇಡ್ರಿ, ಫೋನ್ ಸತ್ತಾಗ ಕಾಗದ ಬದುಕಿರ್ತದ. ತುಮಕೂರು, ಸಿರಾ, ಹಿರಿಯೂರು, ಚಿತ್ರದುರ್ಗ, ದಾವಣಗೆರೆ, ಹರಿಹರ, ರಾಣೇಬೆನ್ನೂರು, ಹಾವೇರಿ ಇವೆಲ್ಲಾ ನಮ್ಮ ಹಾದಿಯ ಊರು. ನಿಂತಿರೋ ಮೈಲಿಗಲ್ಲು ನೋಡಿ ಯಾವ ಊರು ದಾಟೇವಿ, ಮುಂದ ಯಾವುದು ಅಂತ ಹೇಳಾಕ ಬರಬೇಕು. ಬ್ಯಾಟರಿ, ಕುಡಿಯೋ ನೀರು, ಒಂದು ಹಳೇ ಚಾದರ ಡಿಕ್ಕ್ಯಾಗ ಇರ್ಲಿ.

ಇನ್ನೂ ಸಮಾಧಾನ ಆಗದವರು ಗಾಡಿಯ ಅಳತಿಯ ಒಂದು ಗಾಲಿ, ಜಾಕು, ಪಾನಾ ಕೊಂಡು ದೂರದ ಹಾದಿಗೆ ಮಾತ್ರ ಡಿಕ್ಕ್ಯಾಗ ಹಾಕ್ಕೊಂಡು ಹೋಗಬಹುದು. ಆ ಗಾಲಿಗೂ ತಿಂಗಳಿಗೊಮ್ಮೆ ಹವಾ ನೋಡಬೇಕು, ಮತ್ತ ನಟ್ಟು ಬಿಚ್ಚಾಕ ಬರಬೇಕು. ಬಿಚ್ಚಾಕ ಬರದಿದ್ರ ಸ್ಟೆಪ್ನಿ ಬರೇ ಭಾರ.

ಈ ಸಲ ಹಬ್ಬಕ್ಕ ಯಾರ್ಯಾರು ಗಾಡಿ ತರ್ತೀರಿ, ಊಟ ಆದ ಮ್ಯಾಲ ಅಂಗಳದಾಗ ಡಬ್ಬಿ ಬಿಚ್ಚಿ ಎಲ್ಲಾರಿಗೂ ತೋರಿಸ್ರಿ. ವೈನಿ, ಕಾಕು, ಮಾಮಿ ಎಲ್ಲಾರೂ ನೋಡ್ಲಿ. ಹೊಡಿಯಾಕ ಬರದವರೂ ತ್ರಿಕೋನ ಇಡಾಕ, ಫೋನ್ ಮಾಡಾಕ ಬರ್ತದ. ಆಲಿಸಳ ನಾದಿನಿಯರು ನೀರು ಹೊತ್ತು ತಂದದ್ದಕ್ಕ ಆಕಿ ಊರು ಮುಟ್ಟಿದ್ಲು.